ಮಧುರೆಯ ಕಣ್ಣಾಸ್ಪತ್ರೆಯಲ್ಲಿ ನಾಲ್ಕು ದಿನ

ಮಧುರೆಗೆ ಹೋಗಿ ಬಂದವರು ಮೀನಾಕ್ಷಿಯ ಗುಡಿಯನ್ನು ಕುರಿತು ಬರೆಯುವುದು ವಾಡಿಕೆ. ಗೋಪುರಗಳ ಎತ್ತರವನ್ನೂ ಸಾವಿರ ಕಂಬಗಳ ಮಂಟಪವನ್ನೂ ಹೊಂದಾವರೆಯ ಕೊಳವನ್ನೂ ಬಲ್ಲವರು ಬೇಕಾದಷ್ಟು ವರ್ಣಿಸಿದ್ದಾರೆ. ಅವರ ಸಾಲಿಗೆ ನಾನೂ ಸೇರಿ ವಾಚಕರ ತಾಳ್ಮೆಯನ್ನು ಪರೀಕ್ಷಿಸಲಾರೆ. ಮೀನಾಕ್ಷಿಯೆಂದರೆ ಮೀನಿನಂಥ ಕಣ್ಣುಳ್ಳವಳು. ಮೀನಿಗೆ ಮುಚ್ಚುವ ರೆಪ್ಪೆಯಿಲ್ಲ. ಆ ತಾಯಿಯೂ ಹಾಗೆಯೇ ಹಗಲಿರುಳು ಕಣ್ಣು ಮುಚ್ಚದೆ ಮಕ್ಕಳನ್ನು ಕಾಯುತ್ತಾಳೆ ಎಂದು ಹಿರಿಯರು ಹೇಳುತ್ತಾರೆ. ಅಂಥ ಊರಿನಲ್ಲಿ, ವೈಗೈ ನದಿಯ ಆಚೆಯ ದಡದಲ್ಲಿ, ಕಣ್ಣನ್ನೇ ಕಾಯಕವಾಗಿ ಹಿಡಿದ ಒಂದು ಆಸ್ಪತ್ರೆಯುಂಟು. ಅದರ ಹೆಸರು ಅರವಿಂದ ಕಣ್ಣಾಸ್ಪತ್ರೆ. ನಾನು ಬರೆಯಹೊರಟಿರುವುದು ಆ ಆಸ್ಪತ್ರೆಯನ್ನು ಕುರಿತು; ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಸಮವಸ್ತ್ರದ ಸೀರೆಯುಟ್ಟು ಬೆಳಗಿನಿಂದ ಸಂಜೆಯವರೆಗೆ ದುಡಿಯುವ ಹೆಣ್ಣುಮಕ್ಕಳನ್ನು ಕುರಿತು.

ಚೆನ್ನೈಯಲ್ಲಿರುವ ನಮಗೆ ಕಣ್ಣಾಸ್ಪತ್ರೆಗಳಿಗೆ ಬರವೆ? ಎಗ್ಮೋರಿನ ಸರ್ಕಾರಿ ಕಣ್ಣಾಸ್ಪತ್ರೆ 1819ರಷ್ಟು ಹಿಂದೆಯೇ ಹುಟ್ಟಿದ್ದು. ಆದರೆ ದಾವಣಗೆರೆಯಿಂದ ಬಂದ ನನ್ನ ಸೋದರತ್ತೆಗೆ ಎರಡೂ ಕಣ್ಣುಗಳಲ್ಲಿ ಪೊರೆ ಬಂದಿತ್ತು. ಕಣ್ಣು ಸರಿಹೋದರೆ ಬೆಳ್ಳಿಯ ಕಣ್ಣು ಒಪ್ಪಿಸುತ್ತೇನೆಂದು ಆಕೆ ಮೀನಾಕ್ಷಿಗೆ ಹರಕೆ ಹೊತ್ತಿದ್ದರು. ನಮ್ಮ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರು ಮಧುರೆಯವರು. ಅವರ ತಾಯಿಯ ಶಸ್ತ್ರಕ್ರಿಯೆ ಅಲ್ಲಿಯೇ ನಡೆದು ಗುಣವಾದ ಸಂಗತಿ ಅತ್ತೆಯ ಕಿವಿಗೆ ಬಿತ್ತು. ಒಂದೇ ರೈಲು ಚಾರ್ಜಿನಲ್ಲಿ ದೇವರ ದರ್ಶನವೂ ಕಣ್ಣಿನ ಚಿಕಿತ್ಸೆಯೂ ಮುಗಿಯುವುದಾದರೆ ಬಿಡುವುದುಂಟೆ? ನಾನು ನಾಲ್ಕು ದಿನದ ರಜೆಯ ಅರ್ಜಿ ಬರೆದುಕೊಟ್ಟೆ. ಡಿಸೆಂಬರಿನ ಒಂದು ರಾತ್ರಿ ಎಗ್ಮೋರಿನಲ್ಲಿ ಪಾಂಡ್ಯನ್ ಎಕ್ಸ್‌ಪ್ರೆಸ್ ಹತ್ತಿದೆವು.

ಬೆಳಗಿನ ಜಾವ ರೈಲಿನಿಂದಿಳಿದಾಗ ಮಧುರೆ ಆಗಲೇ ಎದ್ದಿತ್ತು. ಗುಡಿಯನ್ನು ನಡುವೆ ಇಟ್ಟುಕೊಂಡು ಚೌಕ ಚೌಕವಾಗಿ ಸುತ್ತುವ ಬೀದಿಗಳು. ಅವುಗಳಲ್ಲಿ ಹಲವಕ್ಕೆ ಆಡಿ, ಚಿತ್ತಿರೈ, ಮಾಸಿ ಎಂದು ತಮಿಳು ತಿಂಗಳುಗಳ ಹೆಸರು. ಊರಿಗೆ ಹೆಸರು ತಂದ ಮಲ್ಲಿಗೆಯ ಮೊಗ್ಗು ಚಳಿಗಾಲದಲ್ಲಿ ತುಟ್ಟಿ. ಆದರೂ ಅತ್ತೆ ಚೌಕಾಸಿ ಮಾಡಿ ಒಂದು ಮೊಳ ಕೊಂಡರು. ಹೂವಿನವಳಿಗೆ ಕನ್ನಡ ಬಾರದು, ಅತ್ತೆಗೆ ತಮಿಳು ಬಾರದು. ವ್ಯಾಪಾರ ಮಾತ್ರ ಯಾವ ತೊಡಕೂ ಇಲ್ಲದೆ ನಡೆಯಿತು. ಮೊದಲು ಆಸ್ಪತ್ರೆ, ಆಮೇಲೆ ಗುಡಿ ಎಂದು ಅವರೇ ತೀರ್ಮಾನ ಹೇಳಿದರು. ಕಣ್ಣು ಕಾಣದೆ ದೇವಿಯನ್ನು ನೋಡಿ ಏನು ಫಲ ಎಂಬುದು ಅವರ ವಾದ.

ವೈಗೈ ಸೇತುವೆಯನ್ನು ದಾಟಿದರೆ ಅಣ್ಣಾನಗರ. ಆಸ್ಪತ್ರೆ ಇರುವುದು ಅಲ್ಲಿ. ಇದನ್ನು ಕಟ್ಟಿದ ಡಾ. ಜಿ. ವೆಂಕಟಸ್ವಾಮಿಯವರ ಕಥೆಯನ್ನು ನಮ್ಮಂಥ ನೌಕರವರ್ಗದವರು ಅವಶ್ಯವಾಗಿ ತಿಳಿಯತಕ್ಕದ್ದು. 1918ರಲ್ಲಿ ವಡಮಲಾಪುರವೆಂಬ ಹಳ್ಳಿಯಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ವೈದ್ಯ ಕಲಿತು ಸೈನ್ಯದ ವೈದ್ಯ ಪಡೆಯಲ್ಲಿದ್ದರು. ಹೆರಿಗೆಯ ವೈದ್ಯರಾಗಬೇಕೆಂಬುದು ಅವರ ಆಸೆ. ಮೂವತ್ತರ ಹರೆಯದಲ್ಲಿ ಸಂಧಿವಾತ ಬಡಿದು ಕೈಬೆರಳುಗಳೆಲ್ಲ ಸೊಟ್ಟಗಾದವು; ಬಹುಕಾಲ ಹಾಸಿಗೆ ಹಿಡಿದರು. ಹೆರಿಗೆಯ ಕೆಲಸಕ್ಕೆ ಆ ಕೈಗಳು ಒದಗುವಂತಿರಲಿಲ್ಲ. ಅವರು ಕಣ್ಣಿನ ವೈದ್ಯವನ್ನು ಕಲಿತು, ಸೊಟ್ಟ ಬೆರಳುಗಳಲ್ಲಿಯೇ ಶಸ್ತ್ರ ಹಿಡಿಯಲು ಅಭ್ಯಾಸ ಮಾಡಿ, ಜೀವಮಾನದಲ್ಲಿ ಒಂದು ಲಕ್ಷಕ್ಕೂ ಮೀರಿ ಶಸ್ತ್ರಕ್ರಿಯೆಗಳನ್ನು ಮಾಡಿದರು. ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ, 1976ರಲ್ಲಿ, ಹನ್ನೊಂದು ಹಾಸಿಗೆಗಳ ಈ ಆಸ್ಪತ್ರೆಯನ್ನು ತೆರೆದರು. ನಮ್ಮಲ್ಲಿ ಹಲವರು ಪಿಂಚಣಿಯ ಕಾಗದಗಳನ್ನು ಹಿಡಿದು ಮೇಜಿನಿಂದ ಮೇಜಿಗೆ ಅಲೆಯುವ ವಯಸ್ಸು ಅದು! ಡಾ. ವೆಂಕಟಸ್ವಾಮಿ 2006ರಲ್ಲಿ ತೀರಿಕೊಂಡರು. ಆಸ್ಪತ್ರೆ ಇಂದು ತಮಿಳುನಾಡಿನ ಹಲವು ಊರುಗಳಿಗೆ ಹಬ್ಬಿದೆ.

ಇಲ್ಲಿ ಹಣ ಕೊಡುವವರಿಗೆ ಒಂದು ವಿಭಾಗ, ಕೊಡಲಾರದವರಿಗೆ ಇನ್ನೊಂದು. ಯಾವ ಬಾಗಿಲಿನಿಂದ ಒಳಗೆ ಹೋಗಬೇಕೆಂಬುದನ್ನು ರೋಗಿಯೇ ತೀರ್ಮಾನಿಸಬಹುದು. ವರಮಾನದ ದೃಢೀಕರಣ ಪತ್ರ ತನ್ನಿ, ಅದರ ಮೇಲೆ ಅಧಿಕಾರಿಯ ಮೊಹರು ಹಾಕಿಸಿ ಎನ್ನುವವರಿಲ್ಲ. ಕೊಟ್ಟವರ ಹಣದಿಂದ ಕೊಡದವರ ಚಿಕಿತ್ಸೆಯೂ ನಡೆಯುತ್ತದೆ. ಗುಮಾಸ್ತನಾದ ನನಗೆ ಇದು ಪವಾಡದಂತೆ ಕಂಡಿತು. ಈ ಪವಾಡದ ಗುಟ್ಟು ಎಲ್ಲಿದೆ ಎಂದು ನೋಡಹೊರಟವನಿಗೆ ಸಿಕ್ಕವರು ಆ ಹೆಣ್ಣುಮಕ್ಕಳು.

ಹೆಸರು ಬರೆಸಿದ ಗಳಿಗೆಯಿಂದ ಅತ್ತೆ ಒಬ್ಬ ಹುಡುಗಿಯ ಕೈಯಿಂದ ಮತ್ತೊಬ್ಬ ಹುಡುಗಿಯ ಕೈಗೆ ಸಾಗಿದರು. ಒಬ್ಬಳು ದೂರದ ಹಲಗೆಯ ಅಕ್ಷರಗಳನ್ನು ತೋರಿಸಿ ದೃಷ್ಟಿ ಪರೀಕ್ಷಿಸಿದಳು. ಮತ್ತೊಬ್ಬಳು ಕಣ್ಣಿನೊಳಗಿನ ಒತ್ತಡವನ್ನು ಅಳೆದಳು. ಇನ್ನೊಬ್ಬಳು ಕಣ್ಣೀರಿನ ನಾಳ ತೆರೆದಿದೆಯೇ ಎಂದು ನೋಡಿದಳು. ರಕ್ತದೊತ್ತಡ, ಸಕ್ಕರೆಯ ಅಂಶ ಎಲ್ಲವೂ ಆಯಿತು. ಪಾಪೆಯನ್ನು ಅಗಲಿಸುವ ಹನಿ ಹಾಕಿ ಕೂರಿಸಿದರು. ಇಷ್ಟಾದ ಮೇಲೆ ವೈದ್ಯರು ನೋಡಿದರು. ಅವರ ಮುಂದೆ ಎಲ್ಲ ಅಂಕಿಗಳೂ ಸಿದ್ಧವಾಗಿದ್ದುವು; ನೋಡುವುದನ್ನು ನೋಡಿ, ಹೇಳುವುದನ್ನು ಹೇಳಿ ಮುಗಿಸಿದರು. ಕಡತವೊಂದು ಯಾವ ಮೇಜಿನ ಮೇಲೂ ಕೂರದೆ ಹೀಗೆ ಸಾಗುವುದನ್ನು ನನ್ನ ಇಷ್ಟು ವರ್ಷಗಳ ನೌಕರಿಯಲ್ಲಿ ನಾನು ಕಂಡಿಲ್ಲ.

ಈ ಕೆಲಸಗಳಲ್ಲಿ ಒಂದರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೊರೆ ಬಂದ ಮಸೂರವನ್ನು ತೆಗೆದು ಅದರ ಜಾಗದಲ್ಲಿ ಒಂದು ಕೃತಕ ಮಸೂರವನ್ನು ಇಡುತ್ತಾರೆ. ಅದರ ಶಕ್ತಿ ಎಷ್ಟಿರಬೇಕು? ಒಬ್ಬರ ಕಣ್ಣಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದದು. ಕಣ್ಣುಗುಡ್ಡೆಯ ಉದ್ದವನ್ನೂ ಮುಂಭಾಗದ ಬಾಗನ್ನೂ ಅಳೆದು ಲೆಕ್ಕ ಹಾಕಬೇಕು. ನಮ್ಮ ಕಣ್ಣುಗುಡ್ಡೆಯ ಉದ್ದ ಸಾಮಾನ್ಯವಾಗಿ 23-24 ಮಿಲಿಮೀಟರು. ಆ ಅಳತೆಯಲ್ಲಿ ಒಂದೇ ಒಂದು ಮಿಲಿಮೀಟರು ತಪ್ಪಿದರೆ ಮಸೂರದ ಶಕ್ತಿಯಲ್ಲಿ ಸುಮಾರು ಎರಡೂವರೆ ಡಯಾಪ್ಟರು ವ್ಯತ್ಯಾಸವಾಗುತ್ತದೆ. ಶಸ್ತ್ರವೈದ್ಯರು ಎಷ್ಟೇ ನಿಪುಣರಾಗಿರಲಿ, ರೋಗಿಗೆ ಮತ್ತೆ ದಪ್ಪ ಕನ್ನಡಕ ತಪ್ಪದು. ಆ ಅಳತೆಯನ್ನು ತೆಗೆದವಳು ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಿನ ಒಬ್ಬ ಹುಡುಗಿ. ಒಮ್ಮೆ ಅಳೆದಳು, ಮತ್ತೊಮ್ಮೆ ಅಳೆದಳು, ಎರಡೂ ಕಣ್ಣುಗಳ ಅಂಕಿಗಳನ್ನು ಹೋಲಿಸಿ ನೋಡಿದಳು. ಸಮಾಧಾನವಾಗದೆ ಮೂರನೆಯ ಸಲವೂ ಅಳೆದಳು. ಅತ್ತೆ ಬೇಸರಪಟ್ಟುಕೊಂಡು, "ಇವಳಿಗೆ ಬರುತ್ತದೋ ಇಲ್ಲವೋ ಕೇಳೋ" ಎಂದರು. ನಾನು ಕೇಳಲಿಲ್ಲ. ಕೂಡಿಸಿದ ಲೆಕ್ಕವನ್ನು ಮತ್ತೆ ಕೂಡಿಸಿ ನೋಡುವವರ ಬೆಲೆ ಕಚೇರಿಯಲ್ಲಿದ್ದವರಿಗೆ ಗೊತ್ತು.

ಭಾಷೆಯ ತೊಡಕು ನಾನು ಹೆದರಿದಷ್ಟು ಇರಲಿಲ್ಲ. ಕಣ್ಣಿಗೆ ಅವರು 'ಕಣ್' ಎನ್ನುತ್ತಾರೆ. 'ಮೇಲೆ' ಎಂಬುದು ಎರಡು ಭಾಷೆಗೂ ಒಂದೇ. 'ಕೀಳೆ' ಎಂದರೆ ಕೆಳಗೆ ಎಂದು ಊಹಿಸಲು ಅತ್ತೆಗೆ ಕಷ್ಟವಾಗಲಿಲ್ಲ. 'ಪಾಟ್ಟಿ' ಎಂದರೆ ಅಜ್ಜಿ ಎಂದು ತಿಳಿದಾಗ ಮಾತ್ರ ಕೊಂಚ ಮುಖ ಗಂಟಿಕ್ಕಿದರು. ಶಸ್ತ್ರಕ್ರಿಯೆ ಹೇಗೆ ನಡೆಯುತ್ತದೆ, ಯಾವ ಮಸೂರಕ್ಕೆ ಎಷ್ಟು ಖರ್ಚು, ಮನೆಗೆ ಹೋದ ಮೇಲೆ ಏನು ಮಾಡಬಾರದು ಎಂಬುದನ್ನು ವಿವರಿಸಲೆಂದೇ ಒಬ್ಬ ಸಲಹೆಗಾರ್ತಿ ಇದ್ದಳು. ಅವಳು ಕಣ್ಣಿನ ಮಾದರಿಯೊಂದನ್ನು ಕೈಯಲ್ಲಿ ಹಿಡಿದು ತೋರಿಸಿದಳು. ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಮೂರು ಪ್ರಶ್ನೆ ಕೇಳಿದರು, ಮೂರಕ್ಕೂ ಉತ್ತರ ಬಂದಿತು. ಅಂದಿನವರೆಗೆ ಶಸ್ತ್ರಕ್ರಿಯೆಯೆಂದರೆ ನಡುಗುತ್ತಿದ್ದವರು ಆ ರಾತ್ರಿ ಗೊರಕೆ ಹೊಡೆದರು.

ಅವರ ನಡುಕಕ್ಕೆ ಕಾರಣವಿತ್ತು. ಅವರ ತಾಯಿಗೆ, ಎಂದರೆ ನನ್ನ ಅಜ್ಜಿಗೆ, ನಮ್ಮ ಕಡೆಯ ಒಂದು ನೇತ್ರ ಶಿಬಿರದಲ್ಲಿ ಶಸ್ತ್ರಕ್ರಿಯೆಯಾಗಿತ್ತು. ಬಿಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಿಬಿರ ನಡೆಸಿ, ದಿನವೊಂದಕ್ಕೆ ನೂರಾರು ಮಂದಿಗೆ ಕಣ್ಣು ಕೊಟ್ಟ ಸಂಗತಿ ನಮ್ಮ ಹಿರಿಯರಿಗೆಲ್ಲ ಗೊತ್ತು. ಕಣ್ಣಿನೊಳಗೆ ಮಸೂರವಿಡುವ ಪದ್ಧತಿ ಆಗ ನಮ್ಮಲ್ಲಿ ಬಂದಿರಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದಿನಗಟ್ಟಲೆ ಅಲುಗದೆ ಮಲಗಬೇಕಾಗಿತ್ತು. ಆಮೇಲೆ ಜನ್ಮವೆಲ್ಲ ಸೀಸೆಯ ತಳದಂಥ ದಪ್ಪ ಕನ್ನಡಕ. ಕೃತಕ ಮಸೂರ ಬಂದ ಮೊದಲಲ್ಲಿ ಅದನ್ನು ಹೊರದೇಶದಿಂದ ತರಿಸಬೇಕಾಗಿದ್ದುದರಿಂದ ಬಡವರ ಕೈಗೆ ನಿಲುಕುತ್ತಿರಲಿಲ್ಲ. 1992ರಲ್ಲಿ ಈ ಅರವಿಂದದವರೇ ಅರೋಲ್ಯಾಬ್ ಎಂಬ ಕಾರ್ಖಾನೆಯನ್ನು ಮಧುರೆಯಲ್ಲಿ ತೆರೆದು ಮಸೂರ ತಯಾರಿಸತೊಡಗಿದ ಮೇಲೆ ಬೆಲೆ ಹತ್ತರಲ್ಲಿ ಒಂದು ಪಾಲಿಗೆ ಇಳಿದು, ಆಮೇಲೆ ಇನ್ನೂ ಇಳಿಯಿತು.

ಶಸ್ತ್ರಕ್ರಿಯೆಯ ಕೋಣೆಯೊಳಗೆ ನಮಗೆ ಪ್ರವೇಶವಿಲ್ಲ. ಅಲ್ಲಿಯ ಕ್ರಮವನ್ನು ಬಲ್ಲವರಿಂದ ಕೇಳಿ ತಿಳಿದೆ. ಒಬ್ಬ ವೈದ್ಯರಿಗೆ ಎರಡು ಮೇಜು. ಒಂದರ ಮೇಲೆ ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ಇನ್ನೊಂದರ ಮೇಲೆ ಮುಂದಿನ ರೋಗಿಯನ್ನು ಮಲಗಿಸಿ, ಕಣ್ಣನ್ನು ಶುಚಿಗೊಳಿಸಿ, ಬಟ್ಟೆ ಮುಚ್ಚಿ, ಬೇರೊಂದು ಜೊತೆ ಸಲಕರಣೆಗಳನ್ನು ಜೋಡಿಸಿ ಇಟ್ಟಿರುತ್ತಾರೆ. ಒಂದು ಮುಗಿದೊಡನೆ ವೈದ್ಯರು ಪಕ್ಕಕ್ಕೆ ತಿರುಗಿದರಾಯಿತು. ಯಾವ ಸಲಕರಣೆ ಯಾವಾಗ ಬೇಕು, ಮಸೂರದ ಪೊಟ್ಟಣದ ಮೇಲಿನ ಅಂಕಿಗೂ ರೋಗಿಯ ಚೀಟಿಯ ಅಂಕಿಗೂ ತಾಳೆಯಾಗುತ್ತದೆಯೆ, ಬಲಗಣ್ಣೋ ಎಡಗಣ್ಣೋ ಎಂಬುದನ್ನೆಲ್ಲ ಕಾಯುವವರು ಆ ಹೆಣ್ಣುಮಕ್ಕಳೇ. ವೈದ್ಯರ ಸಮಯವೆಲ್ಲ ವೈದ್ಯರೇ ಮಾಡಬೇಕಾದ ಕೆಲಸಕ್ಕೆ ಉಳಿಯುತ್ತದೆ. ಖರ್ಚು ತಗ್ಗುವುದಕ್ಕೂ, ಬಡವನಿಗೆ ಪುಕ್ಕಟೆ ಕಣ್ಣು ಬರುವುದಕ್ಕೂ ಇದು ಒಂದು ದೊಡ್ಡ ಕಾರಣ.

ಮರುದಿನ ಅತ್ತೆಯ ಬಲಗಣ್ಣಿನ ಮರೆಯನ್ನು ತೆಗೆದರು. ಅತ್ತೆ ಮೊದಲು ಗೋಡೆಯನ್ನು ನೋಡಿ, "ಸುಣ್ಣ ಇಷ್ಟು ಬೆಳ್ಳಗಿರುತ್ತದೆಯೆ?" ಎಂದರು. ಪೊರೆ ಬಂದ ಕಣ್ಣಿಗೆ ಬಿಳಿಯೆಲ್ಲ ಮಾಸಲು ಹಳದಿಯಾಗಿ ಕಾಣುತ್ತಿರುತ್ತದಂತೆ. ಅನಂತರ ನನ್ನ ಕಡೆ ತಿರುಗಿ, "ಏನೋ ಇದು, ನಿನಗೆ ಕಿವಿಯ ಹತ್ತಿರ ಆಗಲೇ ನರೆ ಬಂದಿದೆಯಲ್ಲೋ!" ಎಂದರು. ಹನಿ ಹಾಕುತ್ತಿದ್ದ ಹುಡುಗಿಗೆ ಮಾತು ತಿಳಿಯದಿದ್ದರೂ ನನ್ನ ಮುಖ ನೋಡಿ ನಕ್ಕಳು. ಅತ್ತೆ ಅವಳ ಗಲ್ಲ ಹಿಡಿದು, "ಇಷ್ಟು ಚಿಕ್ಕವಳೇನೇ ನೀನು!" ಎಂದು ಕಣ್ಣರಳಿಸಿ ನೋಡಿದರು. ಅಲ್ಲಿಯವರೆಗೆ ಅವಳ ಮುಖ ಅವರಿಗೆ ಸರಿಯಾಗಿ ಕಂಡಿರಲಿಲ್ಲ.

ಈಗ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕು. ಹೈದರಾಬಾದಿನಲ್ಲಿರುವ ನನ್ನ ಅಣ್ಣನ ಮಗಳು ಈ ವರ್ಷ ಹನ್ನೆರಡನೆಯ ತರಗತಿಯಲ್ಲಿದ್ದಾಳೆ. ವಿಜ್ಞಾನ ಓದುತ್ತಿದ್ದಾಳೆ, ಅಂಕಗಳು ಚೆನ್ನಾಗಿಯೇ ಇವೆ. ನರ್ಸಿಂಗ್ ಓದುತ್ತೇನೆ ಎಂದು ಅವಳ ಹಟ. ಅಣ್ಣನಿಗೆ ಅದು ಸುತರಾಂ ಇಷ್ಟವಿಲ್ಲ. "ನಮ್ಮ ಮನೆತನದಲ್ಲಿ ಯಾರೂ ದಾದಿ ಕೆಲಸಕ್ಕೆ ಹೋದವರಿಲ್ಲ. ರಾತ್ರಿ ಪಾಳಿ, ಪರರ ಮಲಮೂತ್ರ. ನಾಳೆ ಸಂಬಂಧ ಬರುವುದು ಹೇಗೆ?" ಎಂದು ಅವನ ತಕರಾರು. ಅತ್ತೆಯೂ ಊರಿನಿಂದ ಹೊರಡುವಾಗ ಅವನ ಪಕ್ಷವೇ ಆಗಿದ್ದರು. ಹೀಗಾಗಿ ಆ ಸಲಹೆಗಾರ್ತಿಗೆ ಬಿಡುವಾದಾಗ, ನೀನು ಈ ಕೆಲಸಕ್ಕೆ ಬಂದುದು ಹೇಗಮ್ಮ ಎಂದು ವಿಚಾರಿಸಿದೆ.

ಅವಳು ಹಳ್ಳಿಯ ಹುಡುಗಿ, ತಂದೆ ಸಣ್ಣ ಹಿಡುವಳಿಯ ರೈತ. ಹನ್ನೆರಡನೆಯ ತರಗತಿ ಮುಗಿಸಿ ಇಲ್ಲಿಗೆ ಬಂದವಳು. ಎರಡು ವರ್ಷದ ತರಬೇತಿ; ಶುಲ್ಕವಿಲ್ಲ, ಮೇಲೆ ತಿಂಗಳ ಭತ್ಯೆಯುಂಟು. ಮೊದಲು ಎಲ್ಲರಿಗೂ ಕಣ್ಣಿನ ರಚನೆ, ರೋಗಗಳು, ಶುಚಿತ್ವ ಮುಂತಾದ ಮೂಲಪಾಠ; ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಶಾಖೆ. ಕೆಲವರು ದೃಷ್ಟಿಯ ಅಳತೆಗೆ, ಕೆಲವರು ಶಸ್ತ್ರಕ್ರಿಯೆಯ ಕೋಣೆಗೆ, ಕೆಲವರು ವಾರ್ಡಿಗೆ, ಕೆಲವರು ಸಲಹೆಯ ಕೆಲಸಕ್ಕೆ. ಅನುಭವವಾದಂತೆ ಮೇಲ್ವಿಚಾರಕಿಯರಾಗುತ್ತಾರೆ, ಹೊಸಬರಿಗೆ ಪಾಠ ಹೇಳುವ ಶಿಕ್ಷಕಿಯರಾಗುತ್ತಾರೆ. ಆಸ್ಪತ್ರೆಯ ಸಿಬ್ಬಂದಿಯಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಇಂಥ ಹೆಣ್ಣುಮಕ್ಕಳೇ. 2004ರಿಂದ ಹಳ್ಳಿಗಾಡಿನಲ್ಲಿ ದೃಷ್ಟಿಕೇಂದ್ರಗಳೆಂಬ ಸಣ್ಣ ಶಾಖೆಗಳನ್ನೂ ತೆರೆದಿದ್ದಾರೆ. ಅಲ್ಲಿ ತರಬೇತಾದವರು ಕಣ್ಣು ಪರೀಕ್ಷಿಸಿ, ಊರಿನ ವೈದ್ಯರೊಡನೆ ಕಂಪ್ಯೂಟರಿನಲ್ಲಿ ಮುಖಾಮುಖಿ ಮಾತನಾಡಿ ಮುಂದಿನ ದಾರಿ ಹೇಳುತ್ತಾರೆ. ಕನ್ನಡಕವಷ್ಟೇ ಸಾಕಾದ ಮುದುಕಿ ದಿನಗೂಲಿ ಕಳೆದುಕೊಂಡು ಪಟ್ಟಣಕ್ಕೆ ಬರಬೇಕಾಗಿಲ್ಲ.

ಇಲ್ಲಿ ಹೆತ್ತವರು ತಿಳಿದಿರಬೇಕಾದ ಒಂದು ವಿಷಯವಿದೆ. ಮಧುರೆಯ ಈ ಎರಡು ವರ್ಷದ ತರಬೇತಿ ಒಂದು ದಾರಿ; ನರ್ಸಿಂಗ್ ಪದವಿ ಬೇರೆಯೇ ದಾರಿ. ಈ ತರಬೇತಿ ಕೈತುಂಬ ಕೆಲಸವನ್ನೂ ಕುಶಲತೆಯನ್ನೂ ಕೊಡುತ್ತದೆ. ಆದರೆ ಇದನ್ನು ಪಡೆದ ಮಾತ್ರಕ್ಕೆ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಾಯಿತ ನರ್ಸ್ ಆಗುವುದಿಲ್ಲ. ಹಾಗಾಗಬೇಕಾದರೆ ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾವನ್ನೋ ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗನ್ನೋ ಮುಗಿಸಬೇಕು. ಆಮೇಲೆ ಕಣ್ಣಿನ ಶುಶ್ರೂಷೆಯಲ್ಲಿ ವಿಶೇಷ ಡಿಪ್ಲೊಮಾ ಮಾಡಬಹುದು, ಎಂ.ಎಸ್‌ಸಿ. ಓದಿ ಕಾಲೇಜಿನಲ್ಲಿ ಪಾಠ ಹೇಳಬಹುದು. ಇನ್ನು ಕನ್ನಡಕದ ಅಳತೆ, ದೃಷ್ಟಿಯ ಪರೀಕ್ಷೆಗಳಲ್ಲಿ ಮನಸ್ಸಿದ್ದವರಿಗೆ ನಾಲ್ಕು ವರ್ಷದ ಆಪ್ಟೊಮೆಟ್ರಿ ಪದವಿಯುಂಟು; ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ನೇತ್ರ ಸಹಾಯಕರ ಹುದ್ದೆಗಳಿಗೆ ಎರಡು ವರ್ಷದ ಡಿಪ್ಲೊಮಾವುಂಟು. ಇಂಥ ವೃತ್ತಿಗಳಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ಒಂದು ಕಾನೂನನ್ನೇ ಮಾಡಿದೆ. ಅರ್ಜಿ ಹಾಕುವ ಮೊದಲು, ಇದು ಯಾವ ಕೌನ್ಸಿಲಿನ ಮಾನ್ಯತೆ ಪಡೆದಿದೆ, ಮುಂದೆ ಯಾವ ಓದಿಗೆ ದಾರಿ ಕೊಡುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಲೇಬೇಕು. ಗುಮಾಸ್ತನ ಬುದ್ಧಿ ಎಂದು ನಕ್ಕರೂ ಚಿಂತೆಯಿಲ್ಲ. ನಾಳೆ ಬಡ್ತಿಯ ಸಮಯದಲ್ಲಿ ಆ ಕಾಗದವೇ ಮಾತನಾಡುವುದು.

ಈ ವೃತ್ತಿ ಎಷ್ಟು ಎತ್ತರಕ್ಕೆ ಬೆಳೆದಿದೆ ಎಂಬುದಕ್ಕೆ ಒಂದೆರಡು ನಿದರ್ಶನ ಕೊಡುತ್ತೇನೆ. 1805ರಲ್ಲಿ ಸ್ಥಾಪಿತವಾದ ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಯಲ್ಲಿ, ವಿಶೇಷ ತರಬೇತಿ ಹೊಂದಿದ ನರ್ಸುಗಳು ಒಂದು ಕಾಲದಲ್ಲಿ ವೈದ್ಯರಷ್ಟೇ ಮಾಡುತ್ತಿದ್ದ ಕೆಲಸವನ್ನು ಮಾಡುತ್ತಾರೆ. ಕಣ್ಣಿನೊಳಗೆ ಸೂಜಿಮದ್ದನ್ನು ಕೊಡುತ್ತಾರೆ. ಅಷ್ಟು ದೂರವೇಕೆ? ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಆರಂಭಿಸಿದ 'ಕಿಡ್‌ರಾಪ್' ಯೋಜನೆಯನ್ನು ನೋಡಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳ ಕಣ್ಣಿನ ಒಳಪರದೆಗೆ ಬರುವ ಒಂದು ರೋಗವನ್ನು ಸಕಾಲದಲ್ಲಿ ಗುರುತಿಸದಿದ್ದರೆ ಮಗು ಶಾಶ್ವತವಾಗಿ ಕುರುಡಾಗಬಹುದು. ಎಲ್ಲ ಊರಿಗೂ ತಜ್ಞರು ಹೋಗುವುದಾಗದು. ತರಬೇತಾದ ತಂತ್ರಜ್ಞರು ಕ್ಯಾಮರ ಹೊತ್ತು ಜಿಲ್ಲೆಯ ಆಸ್ಪತ್ರೆಗಳಿಗೆ ಹೋಗಿ, ಅಂಗೈಯಗಲದ ಶಿಶುವಿನ ಕಣ್ಣಿನ ಚಿತ್ರ ತೆಗೆದು ಬೆಂಗಳೂರಿನ ತಜ್ಞರಿಗೆ ಕಳುಹಿಸುತ್ತಾರೆ. ಯಾವ ಮಗುವಿಗೆ ತಕ್ಷಣ ಚಿಕಿತ್ಸೆ ಬೇಕು ಎಂದು ಗುರುತಿಸುವ ಶಿಕ್ಷಣವೂ ಅವರಿಗೆ ದೊರಕಿದೆ.

2021ರ ಅಕ್ಟೋಬರಿನಲ್ಲಿ ಪುನೀತ್ ರಾಜಕುಮಾರ್ ತೀರಿಕೊಂಡಾಗ ಕನ್ನಡ ನಾಡೆಲ್ಲ ಅತ್ತಿತು; ಹೊರನಾಡಿನ ನಾವೂ ಅತ್ತೆವು. ತಂದೆಯಂತೆಯೇ ಮಗನ ಕಣ್ಣುಗಳೂ ದಾನವಾದುವು. ಆ ಎರಡು ಕಣ್ಣುಗಳ ಕಾರ್ನಿಯಾವನ್ನು ಪದರ ಬಿಡಿಸಿ ನಾಲ್ವರಿಗೆ ಜೋಡಿಸಿದರು. ಇಂಥ ದಾನ ಫಲಿಸಬೇಕಾದರೆ ಮರಣದ ಆರು ಗಂಟೆಗಳೊಳಗಾಗಿ ಯಾರಾದರೂ ಬಂದು, ದುಃಖದಲ್ಲಿರುವ ಮನೆಯವರೊಡನೆ ಮೆಲ್ಲನೆ ಮಾತನಾಡಿ, ಕಣ್ಣನ್ನು ಜೋಪಾನವಾಗಿ ತೆಗೆಯಬೇಕು. 2011ರ ತಿದ್ದುಪಡಿಯ ಮೇಲೆ ತರಬೇತಿ ಪಡೆದ ತಂತ್ರಜ್ಞರೂ ಕಾರ್ನಿಯಾ ತೆಗೆಯಬಹುದೆಂದು ಕಾನೂನು ಒಪ್ಪಿದೆ. ನಡುರಾತ್ರಿ ಎದ್ದು ಬರುವ ಅಂಥವರ ಹೆಸರು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ.

ಕೊನೆಯ ದಿನ ಅತ್ತೆ ಗುಡಿಗೆ ಹೋದರು. ಕಣ್ಣಿಗೆ ನೀರು ತಾಗಿಸಬಾರದು, ನೂಕುನುಗ್ಗಲಿನಲ್ಲಿ ಸಿಕ್ಕಬಾರದು ಎಂದು ಆ ಹುಡುಗಿ ಎಚ್ಚರಿಸಿದ್ದಳು. ಅತ್ತೆ ಕಪ್ಪು ಕನ್ನಡಕ ಧರಿಸಿ ದೂರದಿಂದಲೇ ಕೈಮುಗಿದು ಬೆಳ್ಳಿಯ ಕಣ್ಣನ್ನು ಹುಂಡಿಗೆ ಹಾಕಿದರು. ರೈಲಿನಲ್ಲಿ ಕುಳಿತೊಡನೆಯೇ ನನ್ನ ಫೋನು ಕೇಳಿ ಪಡೆದು ಹೈದರಾಬಾದಿಗೆ ಮಾತನಾಡಿದರು. "ಮಲಮೂತ್ರ ಎಂದೆಯಲ್ಲ, ನಿನ್ನದನ್ನು ಬಳಿದವಳು ನಾನು ಕಣೋ. ಆಗ ನನಗೆ ಸಂಬಂಧ ತಪ್ಪಿ ಹೋಯಿತೆ?" ಎಂದು ಅವರು ಆರಂಭಿಸಿದ ಮಾತು ದಿಂಡುಗಲ್ಲು ಬರುವವರೆಗೂ ನಡೆಯಿತು. ಅಣ್ಣನ ಉತ್ತರ ನನಗೆ ಕೇಳಿಸಲಿಲ್ಲ. ಅವನಿಗೆ ಉತ್ತರ ಕೊಡಲು ಎಡೆ ಸಿಕ್ಕಿತೆಂದೂ ತೋರಲಿಲ್ಲ.

ನಮ್ಮ ಸಂಘದ ಮನೆಗಳಲ್ಲಿ ಹನ್ನೆರಡನೆಯ ತರಗತಿ ಮುಗಿಸುತ್ತಿರುವ ಮಕ್ಕಳು ಹಲವರಿದ್ದಾರೆ. ಎಂಜಿನಿಯರಿಂಗ್, ಇಲ್ಲವೆ ವೈದ್ಯ. ಅದೂ ಇಲ್ಲದಿದ್ದರೆ ಬ್ಯಾಂಕಿನ ಪರೀಕ್ಷೆ ಎಂದು ನಾವು ಮೂರೇ ಬಾಗಿಲುಗಳನ್ನು ತೋರಿಸುತ್ತೇವೆ. ಹೆಣ್ಣಾಗಲಿ ಗಂಡಾಗಲಿ, ಕೈಯಲ್ಲಿ ನಯ, ಲೆಕ್ಕದಲ್ಲಿ ಎಚ್ಚರ, ಮಾತಿನಲ್ಲಿ ಸಮಾಧಾನವಿರುವ ಮಗುವಿಗೆ ಈ ನಾಲ್ಕನೆಯ ಬಾಗಿಲನ್ನೂ ತೋರಿಸಬಹುದು. ಊರಿನ ಮಿಂಟೋ ಆಸ್ಪತ್ರೆಯಿಂದ ಲಂಡನ್ನಿನವರೆಗೆ ಇಂಥ ಕೈಗಳಿಗೆ ಕೆಲಸವುಂಟು.

ಅಣ್ಣ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ನರ್ಸಿಂಗ್ ಕಾಲೇಜಿನ ಅರ್ಜಿ ನಮೂನೆಯನ್ನು ತರಿಸಿ ಮೇಜಿನ ಮೇಲೆ ಇಟ್ಟಿದ್ದಾನಂತೆ, ಅತ್ತಿಗೆ ತಿಳಿಸಿದರು. ಸಹಿ ಇನ್ನೂ ಬಿದ್ದಿಲ್ಲ. ಅತ್ತೆ ತಮ್ಮ ಎಡಗಣ್ಣಿನ ಶಸ್ತ್ರಕ್ರಿಯೆಯನ್ನು ಮುಗಿಸಿಕೊಂಡು, ಮುಂದಿನ ತಿಂಗಳು ತಾವೇ ಹೈದರಾಬಾದಿಗೆ ಹೊರಟಿದ್ದಾರೆ.